ಏಳು ಕಿಲೋಮೀಟರ್

ಕಳೆದ ಡಿಸೆಂಬರಿನಲ್ಲಿ ನಾನು ಮುಂಬೈಯಿಂದ ರತ್ನಾಗಿರಿಗೆ ಸೈಕಲ್ಲಿನಲ್ಲಿ ಹೋದೆ. ಐದು ದಿನ, ಮುನ್ನೂರಕ್ಕೂ ಹೆಚ್ಚು ಕಿಲೋಮೀಟರ್. ನನಗೀಗ 51 ವರ್ಷ. ಸೈಕಲ್ ಕೊಂಡು ಎರಡೇ ವರ್ಷ, ಅದೂ ಡಾಕ್ಟರು ನನ್ನ ಸಕ್ಕರೆಯ ರಿಪೋರ್ಟ್ ನೋಡಿ ಹುಬ್ಬು ಗಂಟಿಕ್ಕಿದ ಮೇಲೆ. ಠಾಣೆಯ ಮನೆಯಿಂದ ಯೇವೂರ್ ಗುಡ್ಡ ಹತ್ತಿ ಇಳಿಯುವುದೇ ಅಲ್ಲಿಯವರೆಗಿನ ನನ್ನ ಸಾಹಸ. ಹಾಗಾಗಿ ಮರಳಿ ಬಂದಾಗ ಸೊಸೈಟಿಯ ಸೆಕ್ರೆಟರಿ ಹೂಗುಚ್ಛ ಕೊಟ್ಟರು. ನಮ್ಮ ಕನ್ನಡ ಬಳಗದ ವಾಟ್ಸಾಪ್ ಗುಂಪಿನಲ್ಲಿ ಚಪ್ಪಾಳೆಯ ಚಿತ್ರಗಳು ಸಾಲುಗಟ್ಟಿದವು. "ಒಬ್ಬರೇ, ಅಷ್ಟೂ ದಾರಿ, ಈ ವಯಸ್ಸಿನಲ್ಲಿ!" ಎಂದು ಒಬ್ಬರು ಬರೆದರು. ನಾನು ಕೈಮುಗಿಯುವ ಚಿತ್ರ ಹಾಕಿ ಸುಮ್ಮನಾದೆ.

ಅಷ್ಟೂ ದಾರಿಯನ್ನು ನಾನು ತುಳಿದಿರಲಿಲ್ಲ. ಏಳು ಕಿಲೋಮೀಟರ್ ಕಡಿಮೆ.

ಕೊಂಕಣದ ಕರಾವಳಿ ರಸ್ತೆಯನ್ನು ನಕ್ಷೆಯಲ್ಲಿ ನೋಡಿದರೆ ಸಮುದ್ರದ ಪಕ್ಕ ಹಾಯಾಗಿ ಸಾಗುವ ಗೆರೆ. ತುಳಿಯುವವನಿಗೆ ಗೊತ್ತು ಅದರ ಬಣ್ಣ. ನಮ್ಮ ಕುಂದಾಪುರದ ಕಡೆಯ ಹಾಗೆಯೇ ಕೆಂಪು ಮುರಕಲ್ಲಿನ ನೆಲ. ಹಲವು ಅಳಿವೆಗಳ ಹತ್ತಿರ ರಸ್ತೆ ನೀರಿನ ಮಟ್ಟಕ್ಕೆ ಇಳಿಯುತ್ತದೆ, ಅಲ್ಲಿ ಬಾರ್ಜು ಹತ್ತಿ ಆಚೆ ದಡ ಸೇರಬೇಕು, ಇಳಿದ ಕೂಡಲೇ ಮತ್ತೆ ಏರು. ಮುಂಬೈಯಿಂದ ಮಾಂಡ್ವಾ, ಆಗರದಾಂಡಾದಿಂದ ದಿಘಿ, ಬಾಗಮಾಂಡ್ಲಾದಿಂದ ವೇಶ್ವಿ, ದಾಭೋಳದಿಂದ ಧೋಪಾವೆ, ತವಸಾಳದಿಂದ ಜಯಗಡ. ಹೀಗೆ ಐದು ಸಲ ನೀರು ದಾಟಿದೆ.

ನಾಲ್ಕನೆಯ ದಿನ ಮಧ್ಯಾಹ್ನ ಧೋಪಾವೆಯಲ್ಲಿ ಬಾರ್ಜಿನಿಂದಿಳಿದು ಏರು ಹಿಡಿದಾಗ ಬಲತೊಡೆ ಸೆಳೆದುಕೊಂಡಿತು. ಎಲ್ಲಕ್ಕಿಂತ ಹಗುರದ ಗೇರಿಗೆ ಹಾಕಿದರೂ ಪೆಡಲ್ ತಿರುಗದು. ಇಳಿದು ತಳ್ಳಿದೆ. ಹಿಂದಿನ ಕ್ಯಾರಿಯರಿನ ಎರಡು ಚೀಲಗಳ ಭಾರಕ್ಕೆ ಸೈಕಲ್ ಹಿಮ್ಮುಖ ಜಾರುತ್ತಿತ್ತು. ನೀರಿನ ಬಾಟಲಿ ಖಾಲಿ. ರಸ್ತೆಬದಿಯ ಗೇರುಮರದ ಕೆಳಗೆ ಕೂತಿದ್ದಾಗ ಮೀನಿನ ಖಾಲಿ ಪೆಟ್ಟಿಗೆಗಳ ಟೆಂಪೋ ಒಂದು ನಿಂತಿತು. ಡ್ರೈವರ್ ನನ್ನನ್ನೂ ಸೈಕಲ್ಲನ್ನೂ ಒಮ್ಮೆ ನೋಡಿ, "ಚಲಾ, ಟಾಕಾ ಸಾಯಕಲ್ ಮಾಗೆ" ಅಂದ. ನಾನು ಬೇಡವೆನ್ನಲಿಲ್ಲ. ಇಬ್ಬರೂ ಸೇರಿ ಸೈಕಲ್ಲನ್ನು ಪೆಟ್ಟಿಗೆಗಳ ನಡುವೆ ಏರಿಸಿದೆವು. ಅವನು ತನ್ನ ಬಾಟಲಿಯ ನೀರು ಕೊಟ್ಟ. ಮೇಲೆ, ಸಮತಟ್ಟಾದ ಕಡೆ ಇಳಿಸಿ, ನಾನು ಕೊಡಹೋದ ನೂರರ ನೋಟನ್ನು ನನ್ನ ಜೇಬಿಗೇ ಮಡಚಿಟ್ಟು ಹೋದ.

ಟೆಂಪೋ ಹತ್ತುವ ಮೊದಲು ನಾನು ಇನ್ನೊಂದು ಕೆಲಸ ಮಾಡಿದ್ದೆ: ಫೋನಿನಲ್ಲಿ ದಾರಿ ದಾಖಲಿಸುವ ಆಪ್ ನಿಲ್ಲಿಸಿದ್ದೆ. ಇಳಿದ ಮೇಲೆ ಮತ್ತೆ ಶುರುಮಾಡಿದೆ. ಅಂಕುಡೊಂಕಾದ ಗೆರೆಯ ನಡುವೆ ಅದು ಒಂದು ನೇರ ಗೆರೆ ಎಳೆದುಕೊಂಡಿತು. ಗುಂಪಿಗೆ ಹಾಕಿದ ಚಿತ್ರದಲ್ಲಿ ಅದು ಯಾರ ಕಣ್ಣಿಗೂ ಬೀಳಲಿಲ್ಲ. ನನಗೆ ಮಾತ್ರ ಬೇರೇನೂ ಕಾಣುತ್ತಿರಲಿಲ್ಲ.

ಒಂದು ವಾರ ನನ್ನೊಳಗೇ ವಾದ ನಡೆಯಿತು. ಬಾರ್ಜಿನಲ್ಲಿ ಐದು ಸಲ ಕಾಲು ಅಲ್ಲಾಡಿಸದೆ ಕೂತು ದಾಟಿದೆನಲ್ಲ, ಅದು ಮೋಸವಲ್ಲ ಎಂದಾದರೆ ಟೆಂಪೋ ಹೇಗೆ ಮೋಸ? ಬಾರ್ಜಿಗೆ ಡೀಸೆಲ್ಲು, ಟೆಂಪೋಗೂ ಡೀಸೆಲ್ಲು. ದೂರದ ಸೈಕಲ್ ಸವಾರಿಯಲ್ಲಿ ಬ್ರೆವೆ ಎಂಬ ಪದ್ಧತಿಯಿದೆ. 200 ಕಿ.ಮೀ. ಅನ್ನು ಹದಿಮೂರೂವರೆ ಗಂಟೆಯೊಳಗೆ ಮುಗಿಸಬೇಕು, ನಡುವಿನ ಠಾಣೆಗಳಲ್ಲಿ ಕಾರ್ಡಿಗೆ ಮುದ್ರೆ ಬೀಳಬೇಕು. ಅಲ್ಲಿ ಟೆಂಪೋ ಹತ್ತಿದವನು ಹೊರಗೆ, ಮಾತು ಮುಗಿಯಿತು. ನನ್ನ ಪ್ರವಾಸಕ್ಕೆ ಕಾರ್ಡೂ ಇಲ್ಲ, ಮುದ್ರೆ ಒತ್ತುವವರೂ ಇಲ್ಲ. ನಿಯಮ ಮಾಡಿದವನು ನಾನೇ, ಮುರಿದವನೂ ನಾನೇ. ಮನಸ್ಸಾಕ್ಷಿ ಎನ್ನುತ್ತೇವೆ. ಆರೋಪಿಯೇ ಸಾಕ್ಷಿಯಾದ ಮೊಕದ್ದಮೆ ಇದು.

ಒಟ್ಟಿಗೆ ಸೈಕಲ್ ಹೊಡೆಯುವ ಗೆಳೆಯನಿಗೆ ಹೇಳಿದೆ. ಅವನು ನಕ್ಕ. "ಯಾರಿಗೆ ನಷ್ಟ ಮಾರಾಯ? ನೀನೇನು ಪದಕ ತಗೊಂಡ್ಯಾ? ಏಳು ಕಿಲೋಮೀಟರಿಗೆ ಇಷ್ಟು ಕೊರಗುವುದೂ ಒಂದು ಜಂಭವೇ." ಕೊನೆಯ ಮಾತು ನಾಟಿತು. ತಪ್ಪೊಪ್ಪಿಕೊಂಡು ದೊಡ್ಡವನಾಗುವ ಆಸೆಯೂ ಆಸೆಯೇ. ಆದರೆ ಯಾರಿಗೂ ನಷ್ಟವಿಲ್ಲ ಎಂಬುದು ನಿಜವಿರಲಿಲ್ಲ. ನನ್ನ ಆಫೀಸಿನ ಹುಡುಗನೊಬ್ಬ, ಹುಡುಗ ಎಂದರೆ 46ರವನು, ನನ್ನ ಚಿತ್ರ ನೋಡಿ ಫೆಬ್ರವರಿಯಲ್ಲಿ ಅದೇ ದಾರಿ ಹೋಗುವ ತಯಾರಿಯಲ್ಲಿದ್ದ. ಧೋಪಾವೆಯ ಏರಿನಲ್ಲಿ ಅವನ ಕಾಲೂ ಕೈಕೊಟ್ಟರೆ, ಅವರಿಗಾದದ್ದು ನನಗಾಗಲಿಲ್ಲ ಎಂದು ಅವನು ನನ್ನ ಸುಳ್ಳಿನೆದುರು ತನ್ನನ್ನು ಅಳೆದುಕೊಳ್ಳುತ್ತಾನೆ.

ಇಷ್ಟಾದರೂ ಸುಮ್ಮನಿದ್ದೆ. ಭಾನುವಾರ ಅಮ್ಮನಿಗೆ ಫೋನ್ ಮಾಡಿದಾಗ ಮಾತಿನ ನಡುವೆ ಟೆಂಪೋ ವಿಷಯ ಬಾಯಿಗೆ ಬಂತು. ಅಮ್ಮನಿಗೆ ಕಿಲೋಮೀಟರಿನ ಲೆಕ್ಕ ಬೇಕಿರಲಿಲ್ಲ.

"ಅವನ ಹೆಸರೆಂತ ಮಗಾ?"

ಗೊತ್ತಿಲ್ಲ ಎಂದೆ.

"ಚಾ ಆದರೂ ಕುಡಿಸಿದ್ಯಾ?"

ಇಲ್ಲ ಎಂದೆ. ಅಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಮನೆಯ ಹಿಂದಿನ ತೆಂಗಿನಮರದ ವಿಷಯ ತೆಗೆದಳು.

ನಾನು ವಾರವಿಡೀ ಲೆಕ್ಕ ಹಾಕಿದ್ದು ತಪ್ಪು ಕಾಲಂನಲ್ಲಿ ಎಂದು ಆಗ ಹೊಳೆಯಿತು. ನನ್ನ ಸುಳ್ಳಿನಿಂದ ಕತೆಗೆ ಏಳು ಕಿಲೋಮೀಟರ್ ಸೇರಿತ್ತು, ಒಬ್ಬ ಮನುಷ್ಯ ಕಳೆದುಹೋಗಿದ್ದ. ಬಿಸಿಲಲ್ಲಿ ಗಾಡಿ ನಿಲ್ಲಿಸಿ, ಕುಡಿಯುವ ನೀರು ಕೊಟ್ಟು, ದುಡ್ಡು ಬೇಡವೆಂದವನನ್ನು "ಒಬ್ಬನೇ ಹೋದೆ" ಎಂಬ ಎರಡು ಪದಗಳಿಗಾಗಿ ಅಳಿಸಿಹಾಕಿದ್ದೆ. ಬಾರ್ಜಿಗೂ ಟೆಂಪೋಗೂ ಇರುವ ವ್ಯತ್ಯಾಸವೂ ಅಲ್ಲೇ ಸಿಕ್ಕಿತು. ಬಾರ್ಜಿನ ಮಾತನ್ನು ನಾನು ಎಲ್ಲರಿಗೂ ಹೇಳಿದ್ದೆ, ಫೋಟೊ ಹಾಕಿದ್ದೆ. ಅದು ನನ್ನ ಸಾಹಸವನ್ನು ಚೆಂದಗಾಣಿಸುತ್ತಿತ್ತು. ಟೆಂಪೋ ಅದನ್ನು ಸಣ್ಣದು ಮಾಡುತ್ತಿತ್ತು. ಸಹಾಯ ಪಡೆದದ್ದರಲ್ಲಿ ತಪ್ಪಿರಲಿಲ್ಲ. ಯಾವ ಸಹಾಯವನ್ನು ಹೇಳಬೇಕು, ಯಾವುದನ್ನು ನುಂಗಬೇಕು ಎಂದು ಆರಿಸಿದ್ದರಲ್ಲಿ ಇತ್ತು.

ಅಲ್ಲಿಗೇ ನಿಂತಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ಈ ಆರಿಸುವ ಚಾಳಿ ನನಗೆ ಧೋಪಾವೆಯಲ್ಲಿ ಹತ್ತಿದ್ದಲ್ಲ. ಊರು ಬಿಟ್ಟು ಬಂದ ನಮ್ಮಲ್ಲಿ ಹೆಚ್ಚಿನವರ ಬಳಿ ಒಂದು ಕತೆ ಇರುತ್ತದೆ: ಒಂದು ಟ್ರಂಕು ಹಿಡಿದು ಬಂದೆ, ಯಾರೂ ಇರಲಿಲ್ಲ, ಸ್ವಂತ ಕಾಲ ಮೇಲೆ ನಿಂತೆ. ಆಫೀಸಿನ ಸಮಾರಂಭವೊಂದರಲ್ಲಿ ನಾನೂ ಮೈಕಿನ ಮುಂದೆ ಹಾಗೇ ಹೇಳಿದ್ದೇನೆ. ನಿಜವೆಂದರೆ 1997ರಲ್ಲಿ ನಾನು ಇಳಿದದ್ದು ಡೊಂಬಿವಲಿಯ ಚಾಳಿನಲ್ಲಿದ್ದ ಅಕ್ಕನ ಒಂದೇ ಕೋಣೆಯ ಮನೆಗೆ. ಅಕ್ಕ, ಭಾವ, ಎರಡು ಮಕ್ಕಳು, ಜೊತೆಗೆ ನಾನು. ಭಾವ ಹುಡುಗನಾಗಿದ್ದಾಗ ಹಗಲು ಹೋಟೆಲಿನಲ್ಲಿ ದುಡಿದು, ಸಂಜೆ ಕನ್ನಡ ರಾತ್ರಿಶಾಲೆಯಲ್ಲಿ ಓದಿ ಮೇಲೆ ಬಂದವರು. ನನಗೆ ಲೋಕಲ್ ಪಾಸು, ಇಂಟರ್‌ವ್ಯೂಗೆ ಅಂಗಿ, ರಾತ್ರಿ ತಡವಾದರೆ ಮುಚ್ಚಿಟ್ಟ ಅನ್ನ. ಹದಿನಾಲ್ಕು ತಿಂಗಳು. ಅವರನ್ನೂ ನಾನು ಆಪ್ ನಿಲ್ಲಿಸಿದ ಹಾಗೆ ನಿಲ್ಲಿಸಿ, ನೇರ ಗೆರೆ ಎಳೆದಿದ್ದೆ.

ಹಾಗೆಂದು ಮನುಷ್ಯ ತಾನು ಪಟ್ಟ ಶ್ರಮವನ್ನು ತನ್ನದೆನ್ನಬಾರದೆ? ಎನ್ನಬಹುದು. ಕೊನೆಯ ದಿನ ಗಣಪತಿಪುಳೆಯಿಂದ ಆರೇವಾರೇಯ ಏರನ್ನು ನಾನೇ ತುಳಿದೆ. ಮೇಲೆ ನಿಂತು ಕೆಳಗಿನ ಕಡಲು ನೋಡಿದಾಗ ಬಂದ ಹಿಗ್ಗು ನನ್ನದೇ, ಅದನ್ನು ಯಾರಿಗೂ ಬಿಟ್ಟುಕೊಡೆ. ಆದರೆ ಹಿಂದಿನ ದಿನ ಗೇರುಮರದ ಕೆಳಗೇ ಉಳಿದುಬಿಟ್ಟಿದ್ದರೆ ಆ ಹಿಗ್ಗು ಸಿಗುತ್ತಿರಲಿಲ್ಲ. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಲು ಬರಬೇಕು, ಅಷ್ಟೆ.

ಗುಂಪಿನಲ್ಲಿ ಬರೆದೆ: ಧೋಪಾವೆಯ ಏರಿನಲ್ಲಿ ಏಳು ಕಿಲೋಮೀಟರ್ ಮೀನಿನ ಟೆಂಪೋದಲ್ಲಿ ಹೋದೆ, ಆ ಪುಣ್ಯಾತ್ಮನ ಹೆಸರು ಕೇಳಲಿಲ್ಲ. ಎರಡು ನಗುವಿನ ಚಿತ್ರ ಬಂದವು, ಆಮೇಲೆ ಯಾರೋ ಸಂಕ್ರಾಂತಿ ಕಾರ್ಯಕ್ರಮದ ವಿಷಯ ತೆಗೆದರು. ಆಫೀಸಿನ ಹುಡುಗನಿಗೂ ಹೇಳಿದೆ. ಅವನು ಏರು ಎಷ್ಟು ಕಡಿದು ಎಂದು ಕೇಳಿ, ಆ ದಿನದ ದೂರವನ್ನು ಕಡಿಮೆ ಮಾಡಿಕೊಂಡ.

ಭಾವನಿಗೆ ಫೋನ್ ಮಾಡುವುದು ಇದೆಲ್ಲಕ್ಕಿಂತ ಕಷ್ಟವಾಯಿತು. ನಿವೃತ್ತರಾಗಿ ಈಗ ಊರಲ್ಲಿದ್ದಾರೆ. ಆಫೀಸಿನ ಭಾಷಣದ ವಿಷಯ ಹೇಳಿ, "ನಿಮ್ಮ ಹೆಸರು ಹೇಳಬೇಕಿತ್ತು ಭಾವ" ಅಂದೆ.

"ಅದೆಲ್ಲ ಎಂತಕ್ಕೆ ಈಗ," ಎಂದು ಮಾತು ತಿರುಗಿಸಿದರು. "ಸೈಕಲ್ಲಲ್ಲಿ ಹೋದೆಯಂತೆ? ಏರು ಹತ್ತುವಾಗ ದಮ್ಮು ಕಟ್ಟಲಿಲ್ವಾ?"

"ಕಟ್ಟಿತು. ಒಂದು ಕಡೆ ಟೆಂಪೋ ಹತ್ತಿಸಿಕೊಂಡರು."

"ಒಳ್ಳೇದಾಯ್ತು ಬಿಡು," ಅಂದರು ಭಾವ.