ಐವತ್ತೇಳನೆಯ ಜಾಗ

ಫಿನ್‌ಲೆಂಡಿನ ತುರ್ಕು, ತಾಂಪೆರೆ, ಔಲು ಎಂಬ ಊರುಗಳ ಹೆರಿಗೆ ಆಸ್ಪತ್ರೆಗಳಲ್ಲಿ ಒಂದು ಕೆಲಸ ಸದ್ದಿಲ್ಲದೆ ನಡೆದುಕೊಂಡು ಬಂದಿದೆ. ಅದು ಶುರುವಾದದ್ದು 1994ರಲ್ಲಿ. ಮಗು ಹುಟ್ಟಿದ ಮೇಲೆ, ತಂದೆತಾಯಿ ಒಪ್ಪಿದರೆ, ಹೊಕ್ಕುಳಬಳ್ಳಿಯಿಂದ ಒಂದಿಷ್ಟು ರಕ್ತ ತೆಗೆದಿಡುತ್ತಾರೆ. ಮಗುವಿಗೆ ಸೂಜಿ ತಾಕುವುದಿಲ್ಲ. ಆ ರಕ್ತದಲ್ಲಿ ಆರನೆಯ ಕ್ರೋಮೊಸೋಮಿನ ಒಂದು ಸಣ್ಣ ಭಾಗವನ್ನು ಓದಿ, ಈ ಮಗುವಿಗೆ ಟೈಪ್ 1 ಸಕ್ಕರೆ ಕಾಯಿಲೆ ಬರುವ ಸಂಭವ ಉಳಿದವರಿಗಿಂತ ಹೆಚ್ಚಿದೆಯೇ ಎಂದು ನೋಡುತ್ತಾರೆ. ಹೆಚ್ಚಿದ್ದರೆ ತಂದೆತಾಯಿಗೆ ತಿಳಿಸಿ, ಕೆಲವು ತಿಂಗಳಿಗೊಮ್ಮೆ ಮಗುವನ್ನು ಕರೆತರಲು ಹೇಳುತ್ತಾರೆ. ಜನಸಂಖ್ಯೆಗೆ ಹೋಲಿಸಿದರೆ ಜಗತ್ತಿನಲ್ಲಿ ಈ ಕಾಯಿಲೆ ಅತಿ ಹೆಚ್ಚು ಮಕ್ಕಳಿಗೆ ಬರುವ ದೇಶ ಅದು. ಅವರಿಗೆ ಕಾಯುತ್ತ ಕೂರುವ ಹಾಗಿರಲಿಲ್ಲ.

ಇನ್ನೂ ಕಣ್ಣು ಬಿಡದ ಕೂಸಿನ ಮೈಯಲ್ಲಿ ಅವರು ಓದುವುದಾದರೂ ಏನನ್ನು? ಅದನ್ನು ತಿಳಿದ ದಿನದಿಂದ ನನ್ನ ಬೆರಗು ಇಳಿದಿಲ್ಲ.

ನಮ್ಮ ಜೀವಕೋಶಗಳ ಮೇಲೆ ಎಚ್‌ಎಲ್‌ಎ ಎಂಬ ಅಣುಗಳಿವೆ; ಅವನ್ನು ಕಟ್ಟುವ ಜೀನುಗಳಿರುವುದು ಆರನೆಯ ಕ್ರೋಮೊಸೋಮಿನ ಆ ಸಣ್ಣ ಭಾಗದಲ್ಲೇ. ಮಂಡಿಯಲ್ಲಿ ವ್ಯಾಪಾರಿ ಮುಷ್ಟಿ ಕಾಳನ್ನು ಅಂಗೈ ಮೇಲೆ ಹರವಿ ತೋರಿಸುತ್ತಾನಲ್ಲ, ಹಾಗೆ ಈ ಅಣುಗಳು ಪ್ರೋಟೀನಿನ ಚೂರುಗಳನ್ನು ಎತ್ತಿ ಹಿಡಿದು ರೋಗನಿರೋಧಕ ಕಣಗಳಿಗೆ ತೋರಿಸುತ್ತವೆ. ಇದು ನಮ್ಮದು, ಬಿಡು. ಇದು ಹೊರಗಿನದು, ಹೊಡೆ. ತೀರ್ಮಾನವೆಲ್ಲ ಆ ನೋಟದಲ್ಲೇ ಆಗುತ್ತದೆ. 1987ರಲ್ಲಿ ಜಾನ್ ಟಾಡ್, ಜಾನ್ ಬೆಲ್, ಹ್ಯೂ ಮೆಕ್‌ಡೆವಿಟ್ ಎಂಬ ಮೂವರು ಈ ಅಣುಗಳಲ್ಲಿ ಡಿಕ್ಯೂ ಎಂಬ ಒಂದನ್ನು ಹಿಡಿದು ನೋಡಿದರು. ಅದರ ಒಂದು ಎಳೆಯಲ್ಲಿ ಇನ್ನೂರಕ್ಕೂ ಹೆಚ್ಚು ಅಮೈನೋ ಆಮ್ಲಗಳಿವೆ. ಅವುಗಳಲ್ಲಿ 57ನೆಯ ಜಾಗದಲ್ಲಿ ಆಸ್ಪಾರ್ಟಿಕ್ ಆಮ್ಲವಿದ್ದವರಿಗೆ ಟೈಪ್ 1 ಕಾಯಿಲೆ ಬರುವುದು ಅಪರೂಪ, ಅಲ್ಲಿ ಬೇರೇನಾದರೂ ಕುಳಿತಿದ್ದರೆ ಅಪಾಯ ಹೆಚ್ಚು ಎಂದು ಅವರಿಗೆ ಕಂಡಿತು. ಆ ಒಂದು ಜಾಗ ಬದಲಾದರೆ ಚೂರನ್ನು ಹಿಡಿಯುವ ಗುಳಿಯ ಆಕಾರ ಬದಲಾಗುತ್ತದೆ, ತೋರಿಸುವ ರೀತಿ ಬದಲಾಗುತ್ತದೆ. ಆಗ ಮೇದೋಜ್ಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳನ್ನೇ ಮೈಯ ಕಾವಲಿನವರು ಪರಕೀಯರೆಂದು ಬಗೆದು ಮುಗಿಸುವುದಕ್ಕೆ ದಾರಿಯಾಗಬಹುದು. ಒಂದು ಮಗುವಿನ ಇಡೀ ಬಾಳಿನ ಊಟ, ಆಟ, ನಿದ್ದೆಯ ಲೆಕ್ಕಾಚಾರ ಅಷ್ಟು ಕಿರಿದಾದ ಎಡೆಯಲ್ಲಿ ಅಡಗಿ ಕೂತಿರಬಹುದೆಂದು ಯಾರು ಎಣಿಸಿದ್ದರು!

ಒಂದೇ ಜಾಗದಿಂದ ಎಲ್ಲವೂ ತೀರ್ಮಾನವಾಗುವುದಿಲ್ಲ. ಜಪಾನಿನವರಲ್ಲಿ ಈ 57ರ ನಿಯಮ ಹೀಗೇ ನಿಲ್ಲುವುದಿಲ್ಲ. ಮುಂದೆ ಬೇರೆ ಕ್ರೋಮೊಸೋಮುಗಳಲ್ಲೂ ಪುಟ್ಟ ಪುಟ್ಟ ವ್ಯತ್ಯಾಸಗಳು ಸಿಕ್ಕವು. ಇಂಗ್ಲೆಂಡಿನ ಎಕ್ಸಿಟರ್ ವಿಶ್ವವಿದ್ಯಾಲಯದವರು ಅವನ್ನೆಲ್ಲ ತೂಗಿ ಕೂಡಿ ಒಂದೇ ಅಂಕಿ ಮಾಡಿದರು. 2019ರ ಹೊತ್ತಿಗೆ ಅವರ ಲೆಕ್ಕದಲ್ಲಿ 67 ವ್ಯತ್ಯಾಸಗಳಿದ್ದವು. ಇದಕ್ಕೆ ಅನುವಂಶೀಯ ಅಪಾಯದ ಅಂಕ ಎನ್ನುತ್ತಾರೆ.

ಅಂಕವೇನೋ ಸಿಕ್ಕಿತು. ಕಾಯಿಲೆ ಯಾವಾಗ ಬರುತ್ತದೆ, ಯಾವ ವೇಗದಲ್ಲಿ ನಡೆಯುತ್ತದೆ ಎಂಬುದು ಬೇರೆಯೇ ಪ್ರಶ್ನೆ. ಯುರೋಪಿನ ಮೂಲದ ಮಕ್ಕಳಲ್ಲಿ ಅತ್ಯಂತ ಅಪಾಯದ ಎಚ್‌ಎಲ್‌ಎ ಜೋಡಿ ಹೊತ್ತು ಹುಟ್ಟಿದ ನೂರು ಮಂದಿಯಲ್ಲಿ ಕಾಯಿಲೆ ಬರುವುದು ಸುಮಾರು ಐದು ಮಂದಿಗೆ. ಉಳಿದವರೂ ಅದೇ ಹೊರೆ ಹೊತ್ತವರೇ, ಆದರೂ ಆರಾಮವಾಗಿ ಬೆಳೆಯುತ್ತಾರೆ. ಒಂದೇ ಭ್ರೂಣ ಎರಡಾಗಿ ಹುಟ್ಟಿದ ಅವಳಿಗಳನ್ನೇ ನೋಡಿ. ಒಬ್ಬರಿಗೆ ಬಂದರೆ ಇನ್ನೊಬ್ಬರಿಗೂ ಅರವತ್ತರ ವಯಸ್ಸಿನೊಳಗೆ ಬರುವ ಸಾಧ್ಯತೆ ಮೂರರಲ್ಲಿ ಎರಡು ಪಾಲು. ಆ ಅರವತ್ತು ವರ್ಷವೇ ನನ್ನನ್ನು ತಡೆದು ನಿಲ್ಲಿಸುವುದು. ಜೀನುಗಳಲ್ಲಿ ಬಹುತೇಕ ಭೇದವೇ ಇಲ್ಲದ ಇಬ್ಬರಲ್ಲಿ ಒಬ್ಬರಿಗೆ ಬಾಲ್ಯದಲ್ಲೇ ಬಂದದ್ದು ಇನ್ನೊಬ್ಬರಿಗೆ ದಶಕಗಳ ಮೇಲೆ ಬರುವುದುಂಟು, ಬಾರದೆಯೂ ಇರುವುದುಂಟು.

ಫಿನ್‌ಲೆಂಡಿನ ಗಡಿಯಾಚೆ ರಷ್ಯಾದ ಕರೇಲಿಯಾ ಇದೆ. ಎರಡೂ ಕಡೆಯ ಜನರಲ್ಲಿ ಈ ಅಪಾಯದ ಜೀನುಗಳು ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿವೆ. ಆದರೂ ಆಚೆಯ ಮಕ್ಕಳಲ್ಲಿ ಕಾಯಿಲೆ ಕಂಡದ್ದು ಈಚೆಯದರ ಆರನೆಯ ಒಂದು ಪಾಲು. ನೀರೋ, ಸೋಂಕೋ, ಕರುಳಿನ ಸೂಕ್ಷ್ಮಜೀವಿಗಳೋ, ಅಂತೂ ಜೀನಿನ ಹೊರಗಿನ ಯಾವುದೋ ಒಂದು ಗಡಿಯ ಎರಡು ಬದಿಯಲ್ಲಿ ಬೇರೆ ಬೇರೆ ಕೆಲಸ ಮಾಡುತ್ತಿದೆ.

ಹಾಗಾಗಿ ಜೀನು ಓದಿದ ಮೇಲೂ ಕಾಯಿಲೆಯ ನಡಿಗೆಯನ್ನು ಬೇರೆಯಾಗಿ ಗಮನಿಸಬೇಕಾಗುತ್ತದೆ. ಅದರ ಹೆಜ್ಜೆ ಕಾಣುವುದು ರಕ್ತದ ಆಂಟಿಬಾಡಿಗಳಲ್ಲಿ. ಇನ್ಸುಲಿನ್ನಿನ ವಿರುದ್ಧವೇ ಎದ್ದು ನಿಲ್ಲುವ ಮೊದಲ ಆಂಟಿಬಾಡಿ ಹೆಚ್ಚಾಗಿ ಕಾಣಿಸಿಕೊಳ್ಳುವುದು ಒಂಬತ್ತು ತಿಂಗಳಿಂದ ಎರಡು ವರ್ಷದೊಳಗೆ, ಮಗು ಹೆಜ್ಜೆಯಿಡುತ್ತ ತೊದಲುತ್ತಿರುವ ಹೊತ್ತಿನಲ್ಲಿ. ಆಗ ಸಕ್ಕರೆ ಪ್ರಮಾಣ ಸರಿಯಾಗಿರುತ್ತದೆ, ಮಗು ಲವಲವಿಕೆಯಿಂದಿರುತ್ತದೆ. ಫಿನ್‌ಲೆಂಡ್, ಜರ್ಮನಿ, ಅಮೆರಿಕದ ಕೊಲರಾಡೊ ಈ ಮೂರೂ ಕಡೆಯ ಮಕ್ಕಳನ್ನು ಒಟ್ಟಿಗೆ ನೋಡಿದ 2013ರ ಅಧ್ಯಯನದಲ್ಲಿ, ಎರಡು ಅಥವಾ ಹೆಚ್ಚು ಬಗೆಯ ಆಂಟಿಬಾಡಿ ಮೂಡಿದ ಮಕ್ಕಳಲ್ಲಿ ನೂರಕ್ಕೆ ಸುಮಾರು ಎಪ್ಪತ್ತು ಮಂದಿಗೆ ಹತ್ತು ವರ್ಷದೊಳಗೆ ಕಾಯಿಲೆ ಬಂದಿತ್ತು. ಒಂದೇ ಆಂಟಿಬಾಡಿ ಇದ್ದವರಲ್ಲಿ ಹದಿನೈದರಷ್ಟು. ಮೂರು ವರ್ಷದೊಳಗೇ ಮೂಡಿದ್ದರೆ ನಡಿಗೆ ಚುರುಕು. ಜೀನಿನ ಅಂಕ, ಮನೆಯಲ್ಲಿ ಯಾರಿಗಾದರೂ ಇದೆಯೇ ಎಂಬ ಸಂಗತಿ, ಆಂಟಿಬಾಡಿಯ ಲೆಕ್ಕ, ಈ ಮೂರನ್ನೂ ಕೂಡಿಸಿ ನೋಡಿದಾಗ ಒಂಟಿಯಾಗಿ ಯಾವುದೂ ಹೇಳದಷ್ಟು ಚೆನ್ನಾಗಿ ಮುಂದಿನದು ಕಾಣುತ್ತದೆ.

ಇಂಥದ್ದನ್ನು ಮೊದಲೇ ತಿಳಿದು ಏನು ಮಾಡುವುದು, ಇರುವಷ್ಟು ದಿನ ನೆಮ್ಮದಿಯಾಗಿರಲಿ ಎನ್ನುವವರಿದ್ದಾರೆ. ಆ ಮಾತಿನಲ್ಲಿ ಕರುಣೆ ಇದೆ, ನಾನು ತಳ್ಳಿಹಾಕುವುದಿಲ್ಲ. ಆದರೂ ನನ್ನ ಮಗುವಾಗಿದ್ದರೆ ತಿಳಿಯಬೇಕೆಂದೇ ಬಯಸುತ್ತಿದ್ದೆ. 2019ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಅಪಾಯ ಹೆಚ್ಚಿದ್ದರೂ ಇನ್ನೂ ಕಾಯಿಲೆ ಕಾಣಿಸಿಕೊಳ್ಳದ 76 ಮಂದಿಯಲ್ಲಿ 44 ಜನರಿಗೆ ಹದಿನಾಲ್ಕು ದಿನ ಟೆಪ್ಲಿಜುಮಾಬ್ ಎಂಬ ಔಷಧವನ್ನು ರಕ್ತನಾಳದ ಮೂಲಕ ಕೊಟ್ಟರು. ಕೊಡದವರಿಗಿಂತ ಅವರಲ್ಲಿ ಕಾಯಿಲೆ ಸುಮಾರು ಎರಡು ವರ್ಷ ತಡವಾಗಿ ಬಂತು. 2022ರಲ್ಲಿ ಅಮೆರಿಕ ಅದನ್ನು ಎಂಟು ವರ್ಷ ತುಂಬಿದ ಇಂಥವರಿಗೆ ಒಪ್ಪಿತು. ಎರಡು ವರ್ಷವೇ ಎಂದು ಹಗುರ ಮಾಡಬಾರದು. ಊಟಕ್ಕೆ ಮುಂಚೆ ಸೂಜಿಯಿಲ್ಲದೆ, ನಡುರಾತ್ರಿ ಸಕ್ಕರೆ ಇಳಿದೀತೆಂದು ಅಮ್ಮ ಎದ್ದು ಕೂರದೆ, ಒಂದು ಮಗು ಮೂರನೆಯ ತರಗತಿಯಿಂದ ಐದನೆಯದಕ್ಕೆ ಹೋಗುವಷ್ಟು ಕಾಲ ಅದು.

ಔಷಧ ಇಲ್ಲದೆಯೂ ತಿಳಿವಳಿಕೆಗೆ ಬೆಲೆಯಿದೆ. ಜರ್ಮನಿಯ ಬವೇರಿಯಾದಲ್ಲಿ 2015ರಿಂದ, ಮಾಮೂಲು ತಪಾಸಣೆಗೆ ಬಂದ ಪುಟ್ಟ ಮಕ್ಕಳ ಬೆರಳ ತುದಿಯ ರಕ್ತದಲ್ಲಿ ಆಂಟಿಬಾಡಿ ಹುಡುಕುತ್ತಿದ್ದಾರೆ. ಮೊದಲೇ ತಿಳಿದಿದ್ದ ಮನೆಗಳ ಮಕ್ಕಳು ಇನ್ಸುಲಿನ್ ಸಾಲದೆ ರಕ್ತ ಆಮ್ಲೀಯವಾಗುವ ಕೀಟೋಅಸಿಡೋಸಿಸ್ ಆಗಿ ಐಸಿಯು ಸೇರುವುದು ತೀರಾ ಕಡಿಮೆ. ನಮ್ಮಲ್ಲಿ ಹೇಗೆ? ಮಗು ರಾತ್ರಿ ಹಾಸಿಗೆ ಒದ್ದೆ ಮಾಡುತ್ತದೆ, ಚೊಂಬುಗಟ್ಟಲೆ ನೀರು ಕುಡಿಯುತ್ತದೆ, ಸೊರಗುತ್ತದೆ. ಬಿಸಿಲಿಗೆ ಇರಬೇಕು ಎನ್ನುತ್ತಾರೆ. ಆಮೇಲೆ ವಾಂತಿ, ಹೊಟ್ಟೆನೋವು, ಏದುಸಿರು. ಹೊಟ್ಟೆ ಕೆಟ್ಟಿದೆಯೆಂದು ಗ್ಲೂಕೋಸ್ ಡ್ರಿಪ್ ಹಾಕಿಬಿಟ್ಟರೆ ಬೆಂಕಿಗೆ ತುಪ್ಪ. ಇಷ್ಟು ಸಣ್ಣ ಮಗುವಿಗೆ ಶುಗರ್ ಎಲ್ಲಿಂದ ಬರಬೇಕು ಎಂಬ ಒಂದು ಮಾತಿಗೆ ಎಷ್ಟು ಮಕ್ಕಳು ಬಲಿಯಾಗಿದ್ದಾರೋ.

ಜೀನಿನ ಅಂಕ ಬಹುಮಟ್ಟಿಗೆ ಯುರೋಪಿನ ಮೂಲದವರ ರಕ್ತದಿಂದ ಹುಟ್ಟಿದ್ದು. ಅದು ನಮ್ಮವರಿಗೂ ಹೊಂದುತ್ತದೆಯೇ ಎಂದು ಪುಣೆಯ ಕೆಇಎಂ ಆಸ್ಪತ್ರೆ, ಹೈದರಾಬಾದಿನ ಸಿಸಿಎಂಬಿ ಸಂಶೋಧನಾ ಸಂಸ್ಥೆ ಮತ್ತು ಎಕ್ಸಿಟರ್‌ನವರು ಸೇರಿ ನೋಡಿ 2020ರಲ್ಲಿ ಪ್ರಕಟಿಸಿದರು. ಟೈಪ್ 1 ಯಾವುದು, ಟೈಪ್ 2 ಯಾವುದು ಎಂದು ಬೇರ್ಪಡಿಸಲು ಅದು ಇಲ್ಲಿಯೂ ನೆರವಾಗುತ್ತದೆ. ಆದರೆ ಕೆಲವು ಜೀನುಗಳ ತೂಕ ನಮ್ಮಲ್ಲಿ ಬೇರೆ. ತೆಳ್ಳಗಿರುವ ಹರೆಯದವರಲ್ಲೂ ಟೈಪ್ 2 ಕಾಣುವ ಈ ದೇಶದಲ್ಲಿ ಆ ವಿಂಗಡಣೆ ಸಣ್ಣ ಉಪಕಾರವಲ್ಲ, ಯಾರಿಗೆ ಇನ್ಸುಲಿನ್ ಒಂದು ದಿನವೂ ತಪ್ಪಬಾರದು ಎಂಬುದು ಅದರಿಂದಲೇ ತಿಳಿಯಬೇಕು. ಬೀದರಿನ, ಕೊಡಗಿನ, ಕರಾವಳಿಯ ಮಕ್ಕಳ ಆರನೆಯ ಕ್ರೋಮೊಸೋಮಿನಲ್ಲಿ ಏನಿದೆಯೋ ಅದನ್ನು ಯುರೋಪಿನ ಪಟ್ಟಿ ಹಿಡಿದು ಪೂರ್ತಿ ಓದಲಾಗದು. ಇಲ್ಲಿಯೇ, ಇಲ್ಲಿನ ಹೆರಿಗೆ ವಾರ್ಡುಗಳಲ್ಲಿಯೇ ಆ ಓದು ಶುರುವಾಗಬೇಕು.