ಮನುಷ್ಯನಿಗೆ ಬರೆದುಕೊಟ್ಟ ರಸೀದಿ

ಜೈಲಿನ ಹೆಬ್ಬಾಗಿಲನ್ನು ಪೂರ್ತಿ ತೆರೆಯುವುದು ಅಪರೂಪ. ಜನ ಓಡಾಡಲೆಂದು ಅದರಲ್ಲೇ ಒಂದು ಕಿರುಬಾಗಿಲು ಇರುತ್ತದೆ. ಎತ್ತರದವರು ತಲೆ ತಗ್ಗಿಸಿಯೇ ದಾಟಬೇಕು. ದಾಟಿದರೆ ಎದುರಿಗೆ ಇನ್ನೊಂದು ಗೇಟು. ಎರಡೂ ಒಮ್ಮೆಗೇ ತೆರೆದಿರಬಾರದೆಂಬುದು ಹಳೆಯ ಕಟ್ಟಳೆ. ಈ ಎರಡು ಗೇಟುಗಳ ನಡುವಿನ ಜಾಗದಲ್ಲಿ ಒಂದು ಮೇಜು, ಒಂದಷ್ಟು ದಪ್ಪ ರಿಜಿಸ್ಟರುಗಳು, ಈಚೆಗೆ ಒಂದು ಕಂಪ್ಯೂಟರು. ಕೋರ್ಟಿನ ಕೆಲಸ ಮುಗಿಸಿಕೊಂಡು ಸಂಜೆ ಹೊತ್ತಿಗೆ ಬರುವ ಪೊಲೀಸ್ ವ್ಯಾನು ತನ್ನೊಳಗಿನವರನ್ನು ಇಲ್ಲಿ ಇಳಿಸುತ್ತದೆ. ಕರೆತಂದ ಪೇದೆ ಕಾಗದ ಕೊಡುತ್ತಾನೆ, ಜೈಲಿನವರಿಂದ ಸಹಿ ಹಾಕಿಸಿಕೊಳ್ಳುತ್ತಾನೆ, ಹೊರಟುಹೋಗುತ್ತಾನೆ. ಅಷ್ಟರಲ್ಲಿ ಒಂದು ಜೀವ ಒಬ್ಬರ ಸುಪರ್ದಿನಿಂದ ಇನ್ನೊಬ್ಬರ ಸುಪರ್ದಿಗೆ ಬಂದಿರುತ್ತದೆ.

ಜೈಲಿನ ಬಗ್ಗೆ ಯೋಚಿಸುವವರ ಕಣ್ಣಿಗೆ ಬ್ಯಾರಕ್ಕು ಕಾಣುತ್ತದೆ, ಒಂಟಿ ಕೋಣೆ ಕಾಣುತ್ತದೆ, ಗಲ್ಲುಗಂಬ ಕಾಣುತ್ತದೆ. ಈ ಮೇಜು ಕಾಣುವುದಿಲ್ಲ. ಇಲ್ಲಿ ನಡೆಯುವುದು ಬರೀ ಗುಮಾಸ್ತೆ ಕೆಲಸ ಎಂದು ಮನಸ್ಸು ಮುಂದೆ ಓಡಿಬಿಡುತ್ತದೆ. ಆದರೆ ಪ್ರಭುತ್ವಕ್ಕೂ ಒಬ್ಬ ಒಂಟಿ ಮನುಷ್ಯನಿಗೂ ಇರುವ ಸಂಬಂಧ ಏನೆಂದು ತಿಳಿಯಬೇಕಾದವರು ನಿಂತು ನೋಡಬೇಕಾದದ್ದು ಇದೇ ಜಾಗದಲ್ಲಿ.

ಮೊದಲು ಕೇಳುವುದು ವಾರಂಟು. ಅದಿಲ್ಲದೆ ಯಾರನ್ನೂ ಒಳಗೆ ಸೇರಿಸಿಕೊಳ್ಳುವಂತಿಲ್ಲ. ಹೆಸರು, ತಂದೆಯ ಹೆಸರು, ಊರು, ಅಪರಾಧ ಸಂಖ್ಯೆ, ಕಲಂಗಳು, ಮುಂದಿನ ವಾಯಿದೆಯ ದಿನ, ನ್ಯಾಯಾಧೀಶರ ಸಹಿ, ಕೋರ್ಟಿನ ಮೊಹರು, ಎಲ್ಲವನ್ನೂ ಎದುರಿಗೆ ನಿಂತವನೊಂದಿಗೆ ತಾಳೆ ನೋಡಬೇಕು. ಬಂಧಿಸಿದವನನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕೆಂದು ಸಂವಿಧಾನದ 22ನೇ ವಿಧಿ ಹೇಳುತ್ತದಲ್ಲ, ಆ ಮಾತಿನ ಬೆಲೆ ಗೊತ್ತಾಗುವುದು ಇಲ್ಲಿ. ಮಂತ್ರಿ ಹೇಳಿದರೂ, ಎಸ್ಪಿ ಹೇಳಿದರೂ ಜೈಲರ್ ಆ ಕಾಗದ ಕೇಳಲೇಬೇಕು. ಹೊರಗಿನವರು ಈ ಕಾಗದವನ್ನು ಕೈದಿಯನ್ನು ಒಳಗೆ ನೂಕುವ ಹುಕುಂ ಎಂದಷ್ಟೇ ಓದುತ್ತಾರೆ. ಕಾಗದವಿಲ್ಲದ ಎಷ್ಟೋ ಮಂದಿಯನ್ನು ಹೊರಗೇ ಉಳಿಸುವ ತಡೆಯೂ ಅದೇ ಎಂಬುದು ಹೊಳೆಯುವುದಿಲ್ಲ.

ಆ ಮೇಜಿನಲ್ಲಿ ನೂರೆಂಟು ಪ್ರಶ್ನೆ ಕೇಳುತ್ತಾರೆ. ಒಂದನ್ನು ಮಾತ್ರ ಕೇಳುವಂತಿಲ್ಲ: ನೀನು ಅದನ್ನು ಮಾಡಿದೆಯಾ? ಊರಿಗೆ ಊರೇ ಕೇಳುವ ಪ್ರಶ್ನೆ, ಟೀವಿಯವರು ಕೇಳಿ ತಾವೇ ಉತ್ತರವನ್ನೂ ಕೊಟ್ಟುಬಿಡುವ ಪ್ರಶ್ನೆ ರಿಜಿಸ್ಟರಿನಲ್ಲಿ ಇಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಕೊಟ್ಟ 2022ರ ಲೆಕ್ಕದಲ್ಲಿ ದೇಶದ ಜೈಲುಗಳಲ್ಲಿ ಇದ್ದವರು 5.7 ಲಕ್ಷಕ್ಕೂ ಹೆಚ್ಚು. ಅವರಲ್ಲಿ ನೂರಕ್ಕೆ 75ಕ್ಕಿಂತ ಹೆಚ್ಚು ಮಂದಿ ವಿಚಾರಣಾಧೀನರು. ಎಂದರೆ ಈ ಗೇಟಿನಲ್ಲಿ ಬಗ್ಗಿ ಒಳಬರುವ ಬಹುಪಾಲು ಜನ ಕಾನೂನಿನ ಕಣ್ಣಿನಲ್ಲಿ ಇನ್ನೂ ನಿರಪರಾಧಿಗಳು. ಜೈಲಿಗೆ ಅವರನ್ನು ತೂಗುವ ಅಧಿಕಾರವಿಲ್ಲ, ಕಾಯುವ ಹೊಣೆ ಮಾತ್ರ ಇದೆ. ಒಬ್ಬನನ್ನು ಬಂಧಿಸಿಟ್ಟೂ ಅವನ ಬಗ್ಗೆ ತೀರ್ಪು ಕೊಡದೆ ಇರುವುದು ಸುಲಭದ ಕೆಲಸವಲ್ಲ. ಸಾಮಾನ್ಯ ಮನುಷ್ಯರಿಂದ ಈ ಸಂಯಮವನ್ನು ದಿನವೂ ಬೇಡುವ ನೌಕರಿ ಇದು.

ಆಮೇಲೆ ತಪಾಸಣೆ. ಮೊಬೈಲು, ಪರ್ಸು, ವಾಚು, ಉಂಗುರ, ಸರ ಒಂದೊಂದಾಗಿ ಮೇಜಿನ ಮೇಲೆ ಬರುತ್ತವೆ. ಹಣವನ್ನು ಎಣಿಸುತ್ತಾರೆ, ಒಡವೆಯನ್ನು ಪಟ್ಟಿ ಮಾಡುತ್ತಾರೆ, ಅವನ ಸಹಿ ಅಥವಾ ಹೆಬ್ಬೆಟ್ಟು ತೆಗೆದುಕೊಳ್ಳುತ್ತಾರೆ. ಬಿಡುಗಡೆಯ ದಿನ ಇವು ಹಾಗೇ ವಾಪಸು ಹೋಗಬೇಕು. ವಿಚಾರಣಾಧೀನನಾದರೆ ಮೈಮೇಲೆ ತನ್ನ ಬಟ್ಟೆ ಉಳಿಯುತ್ತದೆ; ಬಿಳಿ ಬಟ್ಟೆ ಶಿಕ್ಷೆಯಾದವನಿಗೆ. ತಪಾಸಣೆಗೆ ಕಾರಣವಿದೆ: ಒಂದು ಬ್ಲೇಡು ಒಳಹೋದರೆ ಇನ್ನೊಬ್ಬನ ಪ್ರಾಣಕ್ಕೆ ಸಂಚಕಾರ. ಆದರೆ ಹುಡುಕುವ ಕೈ ಎಲ್ಲಿ ನಿಲ್ಲಬೇಕು ಎಂಬುದನ್ನು ಮರೆತ ಕ್ಷಣವೇ ಅದು ಹುಡುಕಾಟವಾಗಿ ಉಳಿಯುವುದಿಲ್ಲ. ‘ಸಂಸ್ಕಾರ’ ಚಿತ್ರದ ಚಂದ್ರಿಯಾಗಿ ಕನ್ನಡಿಗರು ನೆನಪಿಟ್ಟುಕೊಂಡಿರುವ ಸ್ನೇಹಲತಾ ರೆಡ್ಡಿ ತುರ್ತುಪರಿಸ್ಥಿತಿಯಲ್ಲಿ, 1976ರಲ್ಲಿ, ಬೆಂಗಳೂರಿನ ಅಂದಿನ ಕೇಂದ್ರ ಕಾರಾಗೃಹಕ್ಕೆ ಬಂದರು. ಅಲ್ಲಿಗೆ ಹೊಸದಾಗಿ ಬರುವ ಹೆಂಗಸರನ್ನು ಎಲ್ಲರೆದುರು ಬೆತ್ತಲೆ ಮಾಡಿ ತಪಾಸಣೆ ನಡೆಸುತ್ತಿದ್ದ ಪದ್ಧತಿಯನ್ನು ತಮ್ಮ ಜೈಲು ದಿನಚರಿಯಲ್ಲಿ ಬರೆದಿಟ್ಟರು. ಆಸ್ತಮಾದಿಂದ ನರಳುತ್ತಿದ್ದ ಅವರು ಪೆರೋಲ್ ಮೇಲೆ ಹೊರಬಂದು ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ, ತೀರಿಕೊಂಡರು. ಆ ಜೈಲಿದ್ದ ಜಾಗ ಇಂದು ಫ್ರೀಡಂ ಪಾರ್ಕ್. ಆಗ ಕಾಯ್ದೆಯೇ ಇರಲಿಲ್ಲವೆಂದಲ್ಲ. ಹೆಂಗಸರನ್ನು ಹೆಂಗಸರೇ ತಪಾಸಣೆ ಮಾಡಬೇಕೆಂದು 1894ರ ಬ್ರಿಟಿಷರ ಕಾರಾಗೃಹ ಕಾಯ್ದೆ ಕೂಡ ಹೇಳಿತ್ತು. ಮುಟ್ಟುವವರು ಯಾರೆಂದು ಅದು ಬರೆಯಿತು; ನೋಡುವ ಹತ್ತಾರು ಕಣ್ಣುಗಳ ಮಾತು ಅದರ ಲೆಕ್ಕಕ್ಕೆ ಬರಲಿಲ್ಲ.

ಅಲ್ಲಿಂದ ವೈದ್ಯರ ಬಳಿಗೆ. ಇಲ್ಲಿ ಒಂದೇ ದೇಹವನ್ನು ಎರಡು ಸಲ ಓದುತ್ತಾರೆ. ಬಲಗೆನ್ನೆಯ ಮಚ್ಚೆ, ಮೊಣಕಾಲಿನ ಹಳೇ ಕಲೆ ಇವು ಗುರುತಿಗೆ: ನಾಳೆ ತಪ್ಪಿಸಿಕೊಂಡರೆ ಹುಡುಕುವುದಕ್ಕೆ, ಒಬ್ಬನ ಬದಲು ಇನ್ನೊಬ್ಬ ಹೊರಹೋಗದಿರುವುದಕ್ಕೆ. ಬೆನ್ನಿನ ಮೇಲಿನ ಹೊಸ ಬಾಸುಂಡೆ, ಊದಿದ ಅಂಗಾಲು ಇವು ಬೇರೆಯೇ ಕತೆ ಹೇಳುತ್ತವೆ. ಬಂದವನ ಆರೋಗ್ಯವನ್ನೂ ಮೈಮೇಲಿನ ಗಾಯ, ಗುರುತುಗಳನ್ನೂ ಪುಸ್ತಕದಲ್ಲಿ ಬರೆದಿಡಬೇಕೆಂದು 1894ರ ಕಾಯ್ದೆಯ 24ನೇ ಕಲಮಿನಲ್ಲೇ ಇದೆ. ಬಂಧಿತ ಕೇಳಿಕೊಂಡರೆ ಪೊಲೀಸರು ಬಂಧಿಸಿದ ಹೊತ್ತಿನಲ್ಲೇ ಅವನ ದೇಹದ ಗಾಯಗಳನ್ನು ದಾಖಲಿಸಬೇಕು, ವಶದಲ್ಲಿರುವಷ್ಟು ಕಾಲ 48 ಗಂಟೆಗೊಮ್ಮೆ ವೈದ್ಯರಿಂದ ಪರೀಕ್ಷೆ ಮಾಡಿಸಬೇಕು ಎಂದು ಡಿ.ಕೆ. ಬಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ವಿಧಿಸಿತು. ಹೀಗೆ ಜೈಲಿನ ವೈದ್ಯರು ಬರೆಯುವ ಒಂದು ಸಾಲು, ಜೈಲಿಗೆ ಬರುವ ಮುಂಚೆ ಏನು ನಡೆಯಿತು ಎಂಬುದಕ್ಕೆ ಸಾಕ್ಷಿಯಾಗುತ್ತದೆ. ಗಾಯ ಕಂಡೂ ‘ಆರೋಗ್ಯವಾಗಿದ್ದಾನೆ’ ಎಂದು ಬರೆದರೆ ಆ ಹೊಡೆತದ ಹೊಣೆ ಜೈಲಿನ ತಲೆಗೇ ಬರುತ್ತದೆ, ಹೊಡೆದವನೂ ತಪ್ಪಿಸಿಕೊಳ್ಳುತ್ತಾನೆ.

ಈ ಬರವಣಿಗೆ ಎಂಥದ್ದು ಎಂದು ಇಲ್ಲಿಗೆ ಸ್ಪಷ್ಟವಾಗುತ್ತದೆ. ಕೈದಿಯ ಬಗ್ಗೆ ಸರಕಾರ ಸಂಗ್ರಹಿಸಿದ ಮಾಹಿತಿ ಎನ್ನುವುದು ಅದರ ಅರ್ಧ ರೂಪ. ಇಂಥ ದಿನ, ಇಂಥ ಗಂಟೆಗೆ, ಇಂಥ ಸ್ಥಿತಿಯಲ್ಲಿದ್ದ ಒಬ್ಬ ಮನುಷ್ಯನನ್ನು ನಾವು ಪಡೆದುಕೊಂಡಿದ್ದೇವೆ ಎಂದು ಸರಕಾರ ಬರೆದುಕೊಟ್ಟ ಸಾಲಪತ್ರವೂ ಹೌದು. ಸಾಲ ತೀರಿಸಬೇಕಾದವರು ಪಡೆದುಕೊಂಡವರು. 1987ರ ಡಿಸೆಂಬರಿನಲ್ಲಿ ಒರಿಸ್ಸಾದ ಸುಮನ್ ಬೆಹೆರಾ ಎಂಬ 22ರ ಯುವಕನನ್ನು ಪೊಲೀಸರು ಹಿಡಿದೊಯ್ದರು; ಮರುದಿನ ಅವನ ಶವ ರೈಲು ಹಳಿಯ ಮೇಲೆ ಸಿಕ್ಕಿತು. ತಪ್ಪಿಸಿಕೊಂಡು ಓಡುವಾಗ ರೈಲಿಗೆ ಸಿಕ್ಕಿದ ಎಂದರು. ತಾಯಿ ನೀಲಾಬತಿ ಬೆಹೆರಾ ಬರೆದ ಪತ್ರವನ್ನೇ ಅರ್ಜಿಯಾಗಿ ತೆಗೆದುಕೊಂಡ ಸುಪ್ರೀಂ ಕೋರ್ಟ್ ಆ ಮಾತನ್ನು ಒಪ್ಪಲಿಲ್ಲ. ವಶಕ್ಕೆ ಪಡೆದವರೇ ಉತ್ತರ ಕೊಡಬೇಕು ಎಂಬ ನೆಲೆಯಲ್ಲಿ 1993ರಲ್ಲಿ ಒಂದೂವರೆ ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. ಅದು ಪೊಲೀಸ್ ವಶದ ಪ್ರಕರಣ, ನಿಜ. ತತ್ತ್ವ ಮಾತ್ರ ಎಲ್ಲ ಗೇಟುಗಳಿಗೂ ಒಂದೇ: ಜೀವಂತವಾಗಿ ಪಡೆದದ್ದನ್ನು ಜೀವಂತವಾಗಿ ಒಪ್ಪಿಸಬೇಕು, ಇಲ್ಲವಾದರೆ ಕಾರಣ ಹೇಳಬೇಕು.

ಇಷ್ಟು ಹೇಳಿದ ಮೇಲೂ ಒಂದು ಆಕ್ಷೇಪ ಉಳಿಯುತ್ತದೆ. ಈ ವಿಧಾನ ಮನುಷ್ಯನನ್ನು ಸಣ್ಣವನನ್ನಾಗಿ ಮಾಡುವುದಿಲ್ಲವೇ? ಮಾಡುತ್ತದೆ. ಸಮಾಜಶಾಸ್ತ್ರಜ್ಞ ಅರ್ವಿಂಗ್ ಗಾಫ್‌ಮನ್ 1961ರ ತನ್ನ ‘ಅಸೈಲಮ್ಸ್’ ಪುಸ್ತಕದಲ್ಲಿ ಇದನ್ನು ವಿಸ್ತಾರವಾಗಿ ಬಿಡಿಸಿಟ್ಟ. ಜೈಲು, ಹುಚ್ಚಾಸ್ಪತ್ರೆ, ಸೈನ್ಯ, ಸನ್ಯಾಸಿ ಮಠ ಎಲ್ಲೆಡೆ ಪ್ರವೇಶದ ಕ್ರಮ ಹೆಚ್ಚುಕಡಿಮೆ ಒಂದೇ ತೆರ: ಇದ್ದದ್ದನ್ನು ಕಳಚುವುದು, ಅಳೆಯುವುದು, ತೂಗುವುದು, ಹೊಸ ವಸ್ತ್ರ ಕೊಡುವುದು. ನಮ್ಮಲ್ಲಿ ಸನ್ಯಾಸ ತೆಗೆದುಕೊಳ್ಳುವವನೂ ಕೂದಲು, ಬಟ್ಟೆ, ಹುಟ್ಟಿನ ಹೆಸರು ಎಲ್ಲವನ್ನೂ ಬಿಡುತ್ತಾನೆ. ಆದರೆ ಅವನು ಬಿಡುತ್ತಾನೆ, ಇವನಿಂದ ಬಿಡಿಸುತ್ತಾರೆ. ಅವನಿಗೆ ಇನ್ನೊಂದು ಹೆಸರು ಸಿಗುತ್ತದೆ; ಇವನಿಗೆ ಸಿಗುವುದು ನಂಬರು. ರಾಬೆನ್ ದ್ವೀಪದಲ್ಲಿ ನೆಲ್ಸನ್ ಮಂಡೇಲಾ 466/64 ಆಗಿದ್ದರು, 1964ರಲ್ಲಿ ಅಲ್ಲಿಗೆ ಬಂದ 466ನೆಯವರು ಎಂಬ ಲೆಕ್ಕದಲ್ಲಿ.

ನಂಬರಿನಿಂದ ಅವಮಾನವಾಗುತ್ತದೆ ಎಂದು ನಂಬರನ್ನೇ ತೆಗೆದುಬಿಟ್ಟರೆ? ಬೆಳಿಗ್ಗೆ ಬೀಗ ತೆರೆಯುವಾಗ, ಸಂಜೆ ಲಾಕಪ್ ಆಗುವಾಗ ತಲೆಯೆಣಿಕೆ ತಾಳೆಯಾಗಬೇಕು. ಅಡುಗೆಮನೆಯ ಅಕ್ಕಿಬೇಳೆಯೂ ಆ ಎಣಿಕೆಯನ್ನೇ ನೆಚ್ಚಿಕೊಂಡಿದೆ. ಲೆಕ್ಕಕ್ಕೆ ಸಿಗದ ಕೈದಿ ಸ್ವತಂತ್ರನಾಗುವುದಿಲ್ಲ, ಕಾಣೆಯಾಗುತ್ತಾನೆ. ಜಗತ್ತಿನ ಕೆಟ್ಟ ಆಳ್ವಿಕೆಗಳ ರಹಸ್ಯ ಜೈಲುಗಳಲ್ಲಿ ಜನರನ್ನು ಇಟ್ಟುಕೊಂಡ ದಾಖಲೆಯೇ ಸಿಗುವುದಿಲ್ಲ. ಆ ಮಂಡೇಲಾ ಹೆಸರಿನಲ್ಲೇ 2015ರಲ್ಲಿ ವಿಶ್ವಸಂಸ್ಥೆ ಒಪ್ಪಿದ ಕನಿಷ್ಠ ನಿಯಮಗಳು ದಾಖಲೆ ಬೇಡವೆನ್ನಲಿಲ್ಲ. ಇನ್ನಷ್ಟು ಬರೆಯಿರಿ ಎಂದವು. ಬಂದ ದಿನ ಮತ್ತು ಗಂಟೆ, ಕಳಿಸಿದ ಅಧಿಕಾರಿ ಯಾರು, ಕಣ್ಣಿಗೆ ಕಾಣುವ ಗಾಯ, ಹಿಂದೆ ಹಿಂಸೆಯಾಗಿದ್ದರೆ ಆ ದೂರು, ವಸ್ತುಗಳ ಪಟ್ಟಿ, ಮನೆಯವರ ಹೆಸರು, ಇವೆಲ್ಲ ಇರಲಿ. ಗಂಡೋ ಹೆಣ್ಣೋ ಎಂಬಲ್ಲಿ ಬಂದವರು ತಮ್ಮನ್ನು ಏನೆಂದುಕೊಂಡಿದ್ದಾರೋ ಅದಕ್ಕೆ ಗೌರವ ಕೊಡಿ ಎಂದವು.

ಹಾಗಾದರೆ ಯೋಚಿಸಬೇಕಾದದ್ದು ಕಾಲಂಗಳ ಬಗ್ಗೆ. ಬಂದವನನ್ನು ಏನೆಂದು ಕೇಳುತ್ತೇವೋ ಅದರಲ್ಲಿ ಅವನು ನಮ್ಮ ಕಣ್ಣಿಗೆ ಏನಾಗಿದ್ದಾನೆ ಎಂಬುದಿರುತ್ತದೆ. ಸ್ವಾತಂತ್ರ್ಯ ಬಂದು ಏಳು ದಶಕ ಕಳೆದರೂ ನಮ್ಮ ಜೈಲು ರಿಜಿಸ್ಟರುಗಳಲ್ಲಿ ಜಾತಿಯ ಕಾಲಂ ಇತ್ತು. ಹಲವು ರಾಜ್ಯಗಳ ಕೈಪಿಡಿಗಳಲ್ಲಿ ಅಡುಗೆ ಯಾರಿಗೆ, ಕಕ್ಕಸು ಬಳಿಯುವುದು ಯಾರಿಗೆ ಎಂಬುದೂ ಜಾತಿಯ ಮೇಲೇ ನಿಂತಿತ್ತು. ಪತ್ರಕರ್ತೆ ಸುಕನ್ಯಾ ಶಾಂತಾ ಹೂಡಿದ ಅರ್ಜಿಯಲ್ಲಿ 2024ರ ಅಕ್ಟೋಬರ್ 3ರಂದು ಸುಪ್ರೀಂ ಕೋರ್ಟ್ ಇಂಥ ನಿಯಮಗಳನ್ನು ರದ್ದುಮಾಡಿ, ಕೈದಿಗಳ ರಿಜಿಸ್ಟರಿನಿಂದ ಜಾತಿ ಕಾಲಮನ್ನೇ ಅಳಿಸಲು ಆದೇಶಿಸಿತು. ಬಂದವನ ಕುಲ ಕೇಳುವ ರೂಢಿಯನ್ನು ವಚನಕಾರರು ಹನ್ನೆರಡನೆಯ ಶತಮಾನದಲ್ಲೇ ತರಾಟೆಗೆ ತೆಗೆದುಕೊಂಡಿದ್ದರು. ಜೈಲಿನ ಮೇಜಿಗೆ ಆ ಮಾತು ತಲುಪಲು ಇಷ್ಟು ಕಾಲ ಬೇಕಾಯಿತು.

ಅಳಿಸುವ ಕಾಲಂ ಇರುವಂತೆ ಹೊಸದಾಗಿ ಸೇರಿದವೂ ಇವೆ. 2022ರ ಅಪರಾಧ ಪ್ರಕ್ರಿಯೆ (ಗುರುತಿಸುವಿಕೆ) ಕಾಯ್ದೆ, 1920ರ ಕೈದಿಗಳ ಗುರುತಿನ ಕಾಯ್ದೆಯನ್ನು ತೆಗೆದು ಹಾಕಿತು. ಬೆರಳಚ್ಚು, ಹೆಜ್ಜೆಗುರುತು, ಫೋಟೊಗಳ ಜೊತೆಗೆ ಕಣ್ಣಿನ ಪಾಪೆ, ಸಹಿ, ಕೈಬರಹ, ರಕ್ತದಂಥ ಮಾದರಿಗಳನ್ನೂ ಸೇರಿಸಿ, ದಾಖಲೆಯನ್ನು 75 ವರ್ಷ ಇಡಬಹುದೆಂದಿತು. ಖುಲಾಸೆಯಾದವರ ದಾಖಲೆ ನಾಶಮಾಡಬೇಕೆಂಬ ಮಾತೂ ಅದರಲ್ಲಿದೆ. ಮೇಲ್ಮನವಿಗಳೆಲ್ಲ ಮುಗಿದ ಮೇಲೆ, ಕೋರ್ಟು ಬೇರೆ ಹೇಳದಿದ್ದರೆ. ಹಳೆಯ ರಿಜಿಸ್ಟರು ಬಂದವನನ್ನು ಹೋಗುವ ದಿನದವರೆಗೆ ನೆನಪಿಡುತ್ತಿತ್ತು, ಹೊಸದು ಅವನ ಆಯಸ್ಸಿನುದ್ದಕ್ಕೂ ನೆನಪಿಡುತ್ತದೆ. ಕಾಯುವುದಕ್ಕೆ ಬೇಕಾದ ನೆನಪು ಎಲ್ಲಿಗೆ ಮುಗಿಯುತ್ತದೆ, ಅನುಮಾನದ ನೆನಪು ಎಲ್ಲಿಂದ ಶುರುವಾಗುತ್ತದೆ ಎಂಬ ಗೆರೆ ಇಲ್ಲಿ ಮಸುಕಾಗುತ್ತದೆ.

ವಾರಂಟೇ ಇಲ್ಲದೆ ಒಳಗೆ ಬರುವವರೂ ಇದ್ದಾರೆ: ತಾಯಿಯ ಸೊಂಟದ ಮೇಲೆ ಬರುವ ಮಕ್ಕಳು. ಆರು ವರ್ಷದವರೆಗೆ ತಾಯಿಯ ಜೊತೆ ಇರಬಹುದು. ಆ ಮಗುವನ್ನು ವಿಚಾರಣಾಧೀನನಂತೆಯೋ ಶಿಕ್ಷೆಯಾದವನಂತೆಯೋ ನೋಡಬಾರದು, ಊಟ, ಬಟ್ಟೆ, ಔಷಧಿ, ಓದು, ಆಟ ಅದರ ಹಕ್ಕು ಎಂದು ಆರ್.ಡಿ. ಉಪಾಧ್ಯಾಯ ಪ್ರಕರಣದಲ್ಲಿ 2006ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆದರೂ ಗೇಟು ಮುಚ್ಚುವುದು ಮಗುವಿನ ಬೆನ್ನ ಹಿಂದೆಯೂ. ಯಾವ ಕಲಮೂ ಇಲ್ಲದೆ ಬಂದ ಆ ಒಂದು ಜೀವದ ಮುಂದೆ, ಒಳಗಿರುವವರೆಲ್ಲ ತಮ್ಮ ಕರ್ಮಕ್ಕೆ ಬಂದವರು ಎಂಬ ನಮ್ಮ ಸಲೀಸಾದ ಸಮಾಧಾನ ನಿಲ್ಲುವುದಿಲ್ಲ.

ಮೊದಲ ರಾತ್ರಿಯ ಮಾತು ಬಾಕಿ ಇದೆ. ಜೈಲಿನಲ್ಲಿ ಆತ್ಮಹತ್ಯೆಯ ಅಪಾಯ ಹೆಚ್ಚಿರುವುದು ಮೊದಲ ಗಂಟೆಗಳಲ್ಲಿ, ಮೊದಲ ದಿನಗಳಲ್ಲಿ ಎಂದು ಈ ವಿಷಯ ಬಲ್ಲವರು ಎಚ್ಚರಿಸುತ್ತಲೇ ಬಂದಿದ್ದಾರೆ. ವ್ಯಾನು ತಡವಾಗಿ ಬಂದರೆ ಅಷ್ಟರಲ್ಲಿ ಒಲೆ ಆರಿರುತ್ತದೆ. ಮನೆಯವರಿಗೆ ತಾನು ಯಾವ ಜೈಲಿನಲ್ಲಿದ್ದೇನೆಂದು ಗೊತ್ತೋ ಇಲ್ಲವೋ, ದಿನಾ ನುಂಗುವ ಮಾತ್ರೆ ಎಲ್ಲಿ, ವಕೀಲರಿಲ್ಲದವನು ಯಾರನ್ನು ಕೇಳಬೇಕು, ಸಂದರ್ಶನಕ್ಕೆ ಯಾವ ದಿನ? ಇವನ್ನು ಬಂದವನಿಗೆ ಅವನ ಭಾಷೆಯಲ್ಲಿ ತಿಳಿಸುವುದೂ ದಾಖಲಾತಿಯ ಭಾಗವೇ ಎಂದು ಮಂಡೇಲಾ ನಿಯಮಗಳು ಹೇಳುತ್ತವೆ. ನಾವು ಅವನಿಂದ ಪಡೆಯುವುದನ್ನು ತಪ್ಪದೆ ಪಡೆಯುತ್ತೇವೆ, ಅವನಿಗೆ ಕೊಡಬೇಕಾದ ಮಾಹಿತಿಯ ಸರದಿ ಬಂದಾಗ ಹೊತ್ತಾಗಿಬಿಟ್ಟಿರುತ್ತದೆ. ಊಟ ಆಯ್ತಾ ಎಂದು ಒಬ್ಬ ವಾರ್ಡರ್ ಕೇಳಿದರೆ ಅದು ಅವನ ಒಳ್ಳೆಯತನ. ಆದರೆ ಒಳ್ಳೆಯ ವಾರ್ಡರಿಗೆ ರಜೆ ಇರುತ್ತದೆ, ವರ್ಗವಾಗುತ್ತದೆ. ಅವನಿಲ್ಲದ ರಾತ್ರಿಯೂ ಆ ಪ್ರಶ್ನೆ ಕೇಳಿಸಬೇಕಾದರೆ ಅದು ನಿಯಮವಾಗಿ ಬರೆದಿರಬೇಕು. ದಯೆಗೂ ವಿಧಾನಕ್ಕೂ ವೈರವಿದೆ ಎಂದು ನಂಬಿದವರು ಈ ಮಾತನ್ನು ಯೋಚಿಸಬೇಕು. ಜೈಲಿನ ಕ್ರೌರ್ಯದ ಬಹುಪಾಲು ನಡೆದಿರುವುದು ನಿಯಮ ಪಾಲಿಸಿದಾಗಲ್ಲ, ಹಾರಿಸಿದಾಗ.

ಆ ಸಾಲಪತ್ರಕ್ಕೆ ಸಹಿ ಹಾಕುವ ಜೈಲರ್ ತನ್ನ ಹೆಸರಿನಲ್ಲಿ ಹಾಕುವುದಿಲ್ಲ, ಸರಕಾರದ ಪರವಾಗಿ ಹಾಕುತ್ತಾನೆ. ಸರಕಾರ ಆ ಮನುಷ್ಯನನ್ನು ಹಿಡಿದಿಟ್ಟುಕೊಂಡಿರುವುದು ನಮ್ಮೆಲ್ಲರ ಹೆಸರಿನಲ್ಲಿ. ಆದ್ದರಿಂದ ಸಾಲಗಾರರ ಪೈಕಿ ನಾವೂ ಇದ್ದೇವೆ. ಜಿಲ್ಲಾ ನ್ಯಾಯಾಧೀಶರು, ಕಾನೂನು ಸೇವಾ ಪ್ರಾಧಿಕಾರದ ವಕೀಲರು, ಸಂದರ್ಶಕ ಮಂಡಳಿಯ ಸದಸ್ಯರು ಜೈಲಿಗೆ ಭೇಟಿ ಕೊಡುವ ಪದ್ಧತಿ ನಮ್ಮಲ್ಲಿದೆ. ಹೋದವರಿಗೆ ಸುಣ್ಣ ಬಳಿದ ಗೋಡೆ, ಅಡುಗೆಮನೆಯ ಸಾಂಬಾರು, ಬೇಕರಿಯ ಬ್ರೆಡ್ಡು ತೋರಿಸುವುದು ಸಹಜ. ಅವರು ಮೊದಲು ಆ ಎರಡು ಗೇಟುಗಳ ನಡುವಿನ ಮೇಜಿನ ಬಳಿ ಕೂತು ಕಳೆದ ವಾರ ಬಂದವರ ಪುಟ ತೆರೆಸಲಿ. ಗಾಯದ ಕಾಲಮಿನಲ್ಲಿ ಏನು ಬರೆದಿದೆ? ಎಲ್ಲರಿಗೂ ‘ಇಲ್ಲ’ ಎಂದೇ ಇದ್ದರೆ ಆ ಪುಟವನ್ನು ಹಿಡಿದುಕೊಂಡೇ ಬ್ಯಾರಕ್ಕಿಗೆ ನಡೆದು, ಆ ಹೆಸರಿನವರನ್ನು ಕರೆಸಿ, ಎದುರಿಗೆ ನಿಲ್ಲಿಸಿ ತಾಳೆ ನೋಡಲಿ. ಪಡೆದುಕೊಂಡೆವೆಂದು ಬರೆದದ್ದಕ್ಕೆ ಲೆಕ್ಕ ಕೇಳುವುದು ಹೀಗೆ.