ಲಕ್ಷ್ಯವೂ ಲೆಕ್ಕವೂ

ಅಂಗೈಯ ಲಿಂಗದಲ್ಲಿ ದೃಷ್ಟಿಯನ್ನು ನಿಲಿಸದೆ, ಹೂವೆಷ್ಟು ಪತ್ರೆಯೆಷ್ಟು ಎಂದು ಎಣಿಸುತ್ತ ಕುಳಿತವನ ಪೂಜೆ ಎಂತಹುದು? ಕಾಯಕವನ್ನು ಪೂಜೆಗಿಂತ ಕೀಳೆಂದು ಬಗೆಯದ ಶರಣಮಾರ್ಗದಲ್ಲಿ ಈ ಪ್ರಶ್ನೆ ಕಾಯಕಕ್ಕೂ ಸಲ್ಲುವುದು. ಹಲವರ ಪ್ರಾಣವನ್ನು ಕಾಯುವುದೇ ಯಾರ ಕಾಯಕವೋ ಅವರಿಗಂತೂ ಮೊದಲು ಸಲ್ಲುವುದು.

ಅಮೆರಿಕದ ಟೆಕ್ಸಾಸ್ ಸಿಟಿಯಲ್ಲಿ ಬಿ.ಪಿ. ಸಂಸ್ಥೆಗೆ ಸೇರಿದ್ದ ದೊಡ್ಡದೊಂದು ತೈಲಶುದ್ಧಿಯ ಕಾರ್ಖಾನೆಯಿದ್ದಿತು. ಜಾರಿಬಿದ್ದವರೆಷ್ಟು, ಗಾಯಗೊಂಡು ಕೆಲಸಕ್ಕೆ ಬಾರದವರೆಷ್ಟು ಎಂಬ ಲೆಕ್ಕವನ್ನು ಅಲ್ಲಿ ಇಡುತ್ತಿದ್ದರು. ಸಂಖ್ಯೆ ಇಳಿಯುತ್ತ ಬಂದಿತು, ಮೇಲಿನವರಿಗೆ ಸಮಾಧಾನವಾಯಿತು. ಲೆಕ್ಕವಿಟ್ಟುದು ತಪ್ಪಲ್ಲ, ಬೆರಳಿನ ನೋವೂ ನೋವೇ. ಆದರೆ ಕಣ್ಣೆಲ್ಲ ಆ ಲೆಕ್ಕದ ಮೇಲೆಯೇ ನೆಟ್ಟಿತು.

2005ರ ಮಾರ್ಚ್ 23ರಂದು, ದುರಸ್ತಿಗಾಗಿ ನಿಲ್ಲಿಸಿದ್ದ ಒಂದು ಘಟಕವನ್ನು ಪುನಃ ಆರಂಭಿಸಿದರು. 170 ಅಡಿ ಎತ್ತರದ ಗೋಪುರಕ್ಕೆ ಮೂರು ಗಂಟೆಗೂ ಮೀರಿ ಉರಿಯುವ ದ್ರವ ಹರಿಯುತ್ತಲೇ ಇದ್ದಿತು; ಹೊರಕ್ಕೆ ಹೋಗುವ ದಾರಿ ಮಾತ್ರ ಮುಚ್ಚಿದ್ದಿತು. ಮಟ್ಟವನ್ನು ತೋರಿಸಬೇಕಾದ ಯಂತ್ರವು, ಒಳಗೆ ದ್ರವ ಏರುತ್ತಿರುವಾಗ ಇಳಿಯುತ್ತಿದೆಯೆಂದು ಸುಳ್ಳು ಹೇಳಿತು. ಎಚ್ಚರಿಸಬೇಕಾದ ಗಂಟೆ ಬಾರಿಸಲೇ ಇಲ್ಲ. ನಿರ್ವಾಹಕರಾದರೋ 29 ಅಥವಾ ಅದಕ್ಕಿಂತ ಹೆಚ್ಚು ದಿನಗಳಿಂದ ಬಿಡುವಿಲ್ಲದೆ, ದಿನಕ್ಕೆ 12 ಗಂಟೆ ದುಡಿದು ಬಳಲಿದ್ದರು. ಆ ಬಳಲಿಕೆ ಯಾವ ಗಾಯದ ಲೆಕ್ಕಕ್ಕೆ ಬಂದೀತು? ದ್ರವ ಉಕ್ಕಿ ಹೊರಚೆಲ್ಲಿ, ಆವಿಯಾಗಿ ಹಬ್ಬಿ, ಕಿಡಿ ತಗುಲಿ ಸ್ಫೋಟಿಸಿತು. 15 ಜನರು ಮಡಿದರು; ಗಾಯಗೊಂಡವರು 180. ಮಡಿದವರೆಲ್ಲರೂ ಸಮೀಪದಲ್ಲಿ ನಿಲ್ಲಿಸಿದ್ದ ತಾತ್ಕಾಲಿಕ ಕಚೇರಿಗಳ ಒಳಗೆ ಅಥವಾ ಅವುಗಳ ಬಳಿ ಇದ್ದವರು. ಘಟಕ ಆರಂಭವಾಗುತ್ತಿದೆಯೆಂಬ ಸುದ್ದಿಯನ್ನೇ ಅವರಿಗೆ ತಿಳಿಸಿರಲಿಲ್ಲ. ಹೃದಯ ಹಿಂಡುವ ಸಂಗತಿಯೆಂದರೆ, ಗಾಯವಿಲ್ಲದೆ ಕೆಲಸ ನಡೆದುದಕ್ಕಾಗಿ ಏರ್ಪಟ್ಟಿದ್ದ ಭೋಜನವೂ ಅಂದೇ ಮಧ್ಯಾಹ್ನ ನಡೆದಿದ್ದಿತು.

ಜೇಮ್ಸ್ ಬೇಕರ್ ಅವರ ಅಧ್ಯಕ್ಷತೆಯ ಮಂಡಲಿ 2007ರಲ್ಲಿ ತನ್ನ ವರದಿಯನ್ನಿತ್ತಿತು. ಸಣ್ಣ ಗಾಯಗಳ ಸಂಖ್ಯೆ ತಗ್ಗಿದುದನ್ನೇ ಮಹಾವಿಪತ್ತು ದೂರವಾದುದರ ಗುರುತೆಂದು ಸಂಸ್ಥೆಯವರು ತಿಳಿದುಕೊಂಡರೆಂದು ಅದರಲ್ಲಿ ಹೇಳಿದೆ.

ಹೊಣೆ ಹೊತ್ತವನ ಮೇಜಿಗೆ ಬೆಳಗಾದರೆ ಹತ್ತು ದೂರು, ಹತ್ತು ಕಾಗದ, ತಪಾಸಣೆಗೆ ಬರುವವರ ಉಪಚಾರ. ಒಂದನ್ನೂ ತಳ್ಳಿಹಾಕುವಂತಿಲ್ಲ. ಇವುಗಳ ನಡುವೆಯೂ ಅವನ ಅನಿಮಿಷದೃಷ್ಟಿ ಎರಡು ಪ್ರಶ್ನೆಗಳಲ್ಲಿ ನೆಲೆಸಿರಬೇಕು: ಇಲ್ಲಿ ಒಮ್ಮೆಗೇ ಹಲವರನ್ನು ಕೊಲ್ಲಬಲ್ಲುದು ಯಾವುದು? ಅದನ್ನು ತಡೆಯುವ ಸಾಧನ ಈ ದಿನ ಕೆಲಸ ಮಾಡುತ್ತಿದೆಯೆ? ಎರಡನೆಯದಕ್ಕೆ ಕಾಗದ ನೋಡಿ ಉತ್ತರ ಹೇಳಲಾಗದು. ಎದ್ದುಹೋಗಿ ಆ ಯಂತ್ರದ ಮುಂದೆ ನಿಲ್ಲಬೇಕು, ಬಳಲಿದವನ ಮುಖವನ್ನು ನೋಡಬೇಕು.